ಎರಡು ಸಾಲಿನ ಮರೆಗುಳಮ್ಮ

ಚಟಾಕಿ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಮೂವತ್ತೊಂದು ವರ್ಷ ಒಂದೇ ಪ್ರೆಸ್ಸಿನಲ್ಲಿ, ಕಿಟಕಿ ಪಕ್ಕದ ಒಂದೇ ಕುರ್ಚಿಯಲ್ಲಿ ಕೂತು ಪ್ರೂಫ್ ತಿದ್ದಿದವರು. ಮೂಗಿನ ತುದಿಗೆ ಜಾರಿದ ಕನ್ನಡಕ, ಕೈಯಲ್ಲಿ ಕೆಂಪು ಪೆನ್ನು, ಅದಕ್ಕಿಂತ ಕೆಂಪಗಿನ ಕೋಪ. ಒಬ್ಬ ಮನುಷ್ಯನನ್ನು ಮೇಷ್ಟ್ರು ಅನ್ನೋದಕ್ಕೆ ಇಷ್ಟು ಸಾಲದೆ? ಇನ್ನು ಚಟಾಕಿ ಅನ್ನುವ ಬಿರುದು ಅವರಿಗೆ ಕ್ಯಾಲೆಂಡರಿನಿಂದ ಬಂದದ್ದು.

ಆ ಪ್ರೆಸ್ಸಿನವರು ವರ್ಷವರ್ಷವೂ ಒಂದು ಕ್ಯಾಲೆಂಡರ್ ಹೊರಡಿಸುತ್ತಿದ್ದರು. ದಿನಕ್ಕೊಂದು ಹಾಳೆ ಹರಿಯುವಂಥದ್ದು. ಅಂಗೈಯಗಲ, ಇಟ್ಟಿಗೆಯಷ್ಟು ದಪ್ಪ. ಹಾಳೆಯ ನಡುವೆ ದೊಡ್ಡ ಅಕ್ಷರದಲ್ಲಿ ತಾರೀಖು, ಮೇಲೆ ತಿಂಗಳು ವಾರ, ಕೆಳಗೆ ಎರಡು ಬೆರಳಿನಷ್ಟು ಖಾಲಿ ಜಾಗ. ಆ ಎರಡು ಬೆರಳಿನ ಜಾಗಕ್ಕೆ ಮೇಷ್ಟ್ರೇ ದೊರೆ. ಅಲ್ಲಿ ದಿನಕ್ಕೊಂದು ಚಟಾಕಿ, ಎರಡೇ ಸಾಲು, ಹೆಚ್ಚೆಂದರೆ ಹದಿನಾಲ್ಕು ಪದ. ಹದಿನೈದನೆಯ ಪದ ಬಂತೋ, ಅದು ಚಟಾಕಿ ಅಲ್ಲ ಭಾಷಣ ಅಂತ ಅವರೇ ಹೊಡೆದುಹಾಕುತ್ತಿದ್ದರು. ಪ್ರೆಸ್ಸಿಗೆ ಹೊಸದಾಗಿ ಬಂದವರಿಗೆ ಬೆರಳೆತ್ತಿ ಹೇಳುತ್ತಿದ್ದರು: "ನೋಡಪ್ಪಾ, ಚಟಾಕಿ ಅಂದ್ರೆ ಸೂಜಿ. ಚುಚ್ಚಬೇಕು, ರಕ್ತ ಬರಬಾರದು."

ಕೆಲಸದಿಂದ ನಿವೃತ್ತರಾದ ಮೇಲೂ ಕ್ಯಾಲೆಂಡರ್ ಮಾತ್ರ ಅವರ ಕೈ ಬಿಟ್ಟಿರಲಿಲ್ಲ. ಎಂಬತ್ತು ಸಾವಿರ ಪ್ರತಿ. ಕ್ಷೌರದಂಗಡಿಯಲ್ಲಿ, ಬ್ಯಾಂಕಿನ ಕೌಂಟರಿನ ಹಿಂದೆ, ವಕೀಲರ ಕೋಣೆಯಲ್ಲಿ, ಎಲ್ಲೆಂದರಲ್ಲಿ ಅದೇ ನೇತಾಡುತ್ತಿತ್ತು. ಆದರೆ ಬರೆಯುವುದು ಸುಲಭವೆ? ಪ್ರೆಸ್ಸಿನ ಯಜಮಾನರ ಕಟ್ಟಪ್ಪಣೆ ಕೇಳಿ: ದೇವರು ಬೇಡ, ಧರ್ಮ ಬೇಡ, ರಾಜಕೀಯ ಬೇಡ, ಸಾವು ನೋವು ರೋಗ ಅಂತೂ ಸುತರಾಂ ಬೇಡ. "ಜನ ಎದ್ದ ತಕ್ಷಣ ಮುಖ ತೊಳೀದೇ ಇದನ್ನ ನೋಡ್ತಾರೆ ಮೇಷ್ಟ್ರೆ." ಇಷ್ಟೆಲ್ಲ ಬೇಡವೆಂದ ಮೇಲೆ ಉಳಿಯುವುದೇನು, ಹೇಳಿ? ಹೆಂಡತಿ. ಲೋಕದ ಚಟಾಕಿಗಾರರೆಲ್ಲ ಕಡೆಗೆ ಬಂದು ಬೀಳುವುದು ಅಲ್ಲಿಗೇ.

ಮೇಷ್ಟ್ರ ಹೆಂಡತಿಯನ್ನು ಬೀದಿಯವರೆಲ್ಲ ಆಪರೇಟರಮ್ಮ ಅನ್ನುತ್ತಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತಾರು ವರ್ಷ ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತವರು. ಆಗ ಯಾರೇ ಫೋನೆತ್ತಿದರೂ ಮೊದಲು ಕೇಳುತ್ತಿದ್ದದ್ದು ಅವರ ದನಿ: "ನಂಬರ್ ಹೇಳಿ." ಅರ್ಧ ಊರು ನಂಬರನ್ನೇ ಹೇಳುತ್ತಿರಲಿಲ್ಲ, "ಔಷಧಿ ಅಂಗಡಿ ಕೊಡಮ್ಮಾ", "ನಮ್ಮ ಭಾವನ ಮನೆ ಕೊಡಮ್ಮಾ" ಅಂದರೆ ಸಾಕು, ಅವರ ಕೈ ತಾನೇ ಹೋಗಿ ಸರಿಯಾದ ತೂತಿಗೆ ತಂತಿ ಚುಚ್ಚುತ್ತಿತ್ತು. ನಾನೂರು ನಂಬರು ಅರೆದು ಕುಡಿದಿದ್ದರು. ಲೈನ್ ಸಿಗದಿದ್ದರೆ "ಆಮೇಲೆ ಕೊಡ್ತೀನಿ, ಕಾಯ್ತಾ ಇರಿ" ಅಂತ ಹೇಳಿ ಕರವಸ್ತ್ರದ ತುದಿಗೆ ಒಂದು ಗಂಟು ಹಾಕಿಕೊಳ್ಳುತ್ತಿದ್ದರು. ಲೈನ್ ಕೊಟ್ಟ ಮೇಲೆ ಗಂಟು ಬಿಚ್ಚುವುದು. ಒಂದು ದಿನವಾದರೂ ಗಂಟು ಉಳಿಸಿಕೊಂಡು ಮನೆಗೆ ಬಂದವರಲ್ಲ ಆ ತಾಯಿ.

ಅಂಥವರು ಹೋದ ವರ್ಷ ಮಾರ್ಚಿನಲ್ಲಿ ಬೀಗದ ಕೈಯನ್ನು ಸಕ್ಕರೆ ಡಬ್ಬದಲ್ಲಿಟ್ಟು ಮನೆಯೆಲ್ಲ ಹುಡುಕಿದರು. ಮೇಷ್ಟ್ರಿಗೆ ಎಲ್ಲಿಲ್ಲದ ನಗು. ನಾನೂರು ನಂಬರಿನ ತಲೆಗೆ ಒಂದು ಕೀಲಿ ನೆನಪಿಲ್ಲವೆಂದರೆ ನಗು ಬಾರದೆ ಏನು ಬಂದೀತು? ಜೇಬಿನಲ್ಲಿ ಸದಾ ಇರುತ್ತಿದ್ದ ಪುಟ್ಟ ನೋಟ್‌ಬುಕ್ ತೆಗೆದು ತಾರೀಖು ಹಾಕಿ ಬರೆದುಕೊಂಡರು. ಸಂಜೆಯ ಹೊತ್ತಿಗೆ ಚಟಾಕಿ ತಯಾರಾಗಿತ್ತು: "ಮರೆಗುಳಮ್ಮ ಬೀಗದ ಕೈಯನ್ನು ಸಕ್ಕರೆ ಡಬ್ಬದಲ್ಲಿಟ್ಟಳು. ಅಂದಿನಿಂದ ಇರುವೆಗಳು ಬಾಗಿಲು ತೆಗೆದುಕೊಂಡೇ ಬರುತ್ತಿವೆ."

ಮರೆಗುಳಮ್ಮ ಹುಟ್ಟಿದ್ದು ಹಾಗೆ. ಆಮೇಲೆ ನೋಟ್‌ಬುಕ್ಕಿಗೆ ಬಿಡುವೇ ಇರಲಿಲ್ಲ. ಆಪರೇಟರಮ್ಮ ತರಕಾರಿಗೆಂದು ಹೋದವರು ಎರಡು ಬೀದಿ ಆಚೆ ಬೇರೆಯವರ ಗೇಟು ಅಲ್ಲಾಡಿಸುತ್ತ ನಿಂತಿದ್ದರು. ಅದು ಹೀಗಾಯಿತು: "ಮರೆಗುಳಮ್ಮ ದಾರಿ ತಪ್ಪುವುದಿಲ್ಲ, ಮನೆಯೇ ಅವಳಿಗೆ ಹೇಳದೆ ಬೇರೆ ಬೀದಿಗೆ ಹೋಗಿರುತ್ತದೆ." ಯಾವುದೋ ಸಣ್ಣ ಮಾತಿಗೆ ಮುನಿಸಿಕೊಂಡು, ಮಧ್ಯಾಹ್ನದ ಹೊತ್ತಿಗೆ ಯಾಕೆಂದೇ ತಿಳಿಯದೆ, ಮುಖ ಮಾತ್ರ ಊದಿಸಿಕೊಂಡು ಓಡಾಡಿದರು. ಅದು ಹೀಗಾಯಿತು: "ಮರೆಗುಳಮ್ಮನ ಜೊತೆ ಜಗಳ ಬೇಡ. ಯಾಕಾಯಿತೆಂದು ಮರೆಯುತ್ತಾಳೆ, ಕೋಪ ಮಾತ್ರ ಮರೆಯುವುದಿಲ್ಲ." ಆಗಸ್ಟಿನಲ್ಲಿ ಬರಹ ಒಪ್ಪಿಸಿದಾಗ ಯಜಮಾನರು ಓದಿ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುನ್ನೂರ ಅರವತ್ತೈದರಲ್ಲಿ ನೂರಾ ಹತ್ತು ಮರೆಗುಳಮ್ಮನವೇ.

ಜನವರಿಯಲ್ಲಿ ಹೊಸ ಕ್ಯಾಲೆಂಡರ್ ಅಡುಗೆಮನೆಯ ಮೊಳೆಗೆ ಬಂತು. ಹಾಳೆ ಹರಿಯುವುದು ಮೊದಲಿನಿಂದಲೂ ಆಪರೇಟರಮ್ಮನ ಹಕ್ಕು. ಎರಡನೆಯ ವಾರ ಇರುವೆಯ ಹಾಳೆ ಬಂದಾಗ ಅವರು ನಗಲಿಲ್ಲ. ಹಾಳೆ ಹಿಡಿದುಕೊಂಡು ಹೊರಗೆ ಬಂದರು.

"ರೀ, ಇದು ನನ್ನ ಕಥೆ ಅಲ್ವಾ?"

ಒಪ್ಪಿಕೊಂಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನಾಲ್ಕು ದಿನ ಮುನಿಸು, ಐದನೆಯ ದಿನ ಟೀ. ಆದರೆ ಚಟಾಕಿ ಹಾರಿಸುವವರಿಗೆ ಧೈರ್ಯ ಇರುವುದು ಕಾಗದದ ಮೇಲೆ ಮಾತ್ರ.

"ಛೆ ಛೆ, ನಿನ್ನದ್ಯಾಕೆ? ನಮ್ಮ ಬೈಂಡರ್ ಇದಾನಲ್ಲ, ಅವನ ಹೆಂಡ್ತಿ ಕಥೆ. ದಿನಾ ಬಂದು ಹೇಳ್ತಿದ್ದ."

"ಹೌದಾ? ಪಾಪ" ಅಂದರು ಆಪರೇಟರಮ್ಮ. ಆಮೇಲೆ ಅವರಿಗೂ ನಗು ಬಂತು. "ಇರುವೆಗಳು ಬಾಗಿಲು ತೆಗ್ದು ಬರ್ತವಂತೆ, ಏನ್ ತಲೆ ರೀ ನಿಮ್ಮದು!" ಬೈಂಡರ್‌ಗೆ ಮದುವೆಯೇ ಆಗಿರಲಿಲ್ಲ. ಐವತ್ತು ದಾಟಿದ ಒಂಟಿ ಜೀವ, ಪುಸ್ತಕಕ್ಕೆ ರಟ್ಟು ಅಂಟಿಸುವುದು ಬಿಟ್ಟು ಬೇರೆ ಸಂಬಂಧ ಅಂಟಿಸಿಕೊಂಡವನಲ್ಲ.

ಫೆಬ್ರವರಿಯ ಒಂದು ಮಧ್ಯಾಹ್ನ ಮಗಳು ಫೋನ್ ಮಾಡಿದಳು. ಬಸ್ ಡಿಪೋದಲ್ಲಿ ಡ್ಯೂಟಿ ಚಾರ್ಟು ಬರೆಯುವ ಕೆಲಸ ಅವಳದು. ಊಟದ ಬಿಡುವಿನಲ್ಲಿ ದಿನವೂ ಅಮ್ಮನ ಜೊತೆ ಎರಡು ಮಾತಾಡುತ್ತಿದ್ದಳು. ಅಂದು ಆಪರೇಟರಮ್ಮ ಫೋನೆತ್ತಿ, ಬೆನ್ನು ನೆಟ್ಟಗೆ ಮಾಡಿ, "ನಂಬರ್ ಹೇಳಿ" ಅಂದರು. ಮಗಳು "ಅಮ್ಮಾ, ನಾನು" ಅಂದಳು. "ನಂಬರ್ ಹೇಳಿ ಮೇಡಂ, ಬೇರೆಯವರು ಕಾಯ್ತಾ ಇದಾರೆ" ಅಂದರು ಆಪರೇಟರಮ್ಮ. ಪಕ್ಕದಲ್ಲಿದ್ದ ಮೇಷ್ಟ್ರು ಕಿಸಕ್ಕನೆ ನಕ್ಕು ಜೇಬಿಗೆ ಕೈ ಹಾಕಿದರು. ಅತ್ತ ಮಗಳು ನಗಲಿಲ್ಲ. ಅರ್ಧ ದಿನ ರಜೆ ಹಾಕಿ, ಆಟೋ ಹತ್ತಿ ಸೀದಾ ಮನೆಗೆ ಬಂದಳು.

ಡಾಕ್ಟರ ಕೋಣೆಯಲ್ಲಿ ಗೋಡೆಗೆ ಒರಗಿದ ಎರಡು ಕುರ್ಚಿ, ಒಂದು ತೂಕದ ಯಂತ್ರ, ಮೇಜಿನ ಹಿಂದೆ, ಇನ್ನೇನು, ಅದೇ ಕ್ಯಾಲೆಂಡರು. ಆಪರೇಟರಮ್ಮನನ್ನು ನರ್ಸು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ, ಗಡಿಯಾರ ಬರೆಸುವುದು, ಮೂರು ಪದ ಹೇಳಿ ಮತ್ತೆ ಕೇಳುವುದು, ಇಂಥದ್ದೆಲ್ಲ ಮಾಡಿಸುತ್ತಿದ್ದಳು.

"ಯಾವಾಗಿಂದ ಹೀಗೆ?" ಅಂದರು ಡಾಕ್ಟರು.

"ಒಂದು ತಿಂಗಳಿಂದ ಇರಬಹುದು ಸರ್" ಅಂದಳು ಮಗಳು.

ಮೂವತ್ತೊಂದು ವರ್ಷ ತಪ್ಪು ತಿದ್ದಿದ ಬಾಯಿ ಸುಮ್ಮನಿರುತ್ತದೆಯೆ? "ಅಲ್ಲ. ಹೋದ ವರ್ಷ ಮಾರ್ಚ್ ಹತ್ತೊಂಬತ್ತು" ಅಂದುಬಿಟ್ಟರು ಮೇಷ್ಟ್ರು.

ಡಾಕ್ಟರು ತಲೆಯೆತ್ತಿದರು. "ಅಷ್ಟು ಸರಿಯಾಗಿ ಹೇಗೆ ಗೊತ್ತು?"

ನೋಟ್‌ಬುಕ್ ಹೊರಗೆ ಬಂತು. ಮಾರ್ಚ್ ಹತ್ತೊಂಬತ್ತು, ಕೀಲಿ. ಏಪ್ರಿಲ್ ಎರಡು, ಹಾಲು ಉಕ್ಕಿ ಒಲೆ ಆರಿದರೂ ಎದುರಿಗೇ ನಿಂತಿದ್ದು. ಮೇ ಏಳು, ತಂಗಿಯ ಹೆಸರು ನೆನಪಾಗದ್ದು. ಜೂನ್ ಹನ್ನೊಂದು, ಬೇರೆಯವರ ಗೇಟು. ಮೇಷ್ಟ್ರು ಓದುತ್ತ ಹೋದರು, ಡಾಕ್ಟರು ಬರೆದುಕೊಳ್ಳುತ್ತ ಹೋದರು. ಪ್ರತಿ ಸಾಲಿನ ಪಕ್ಕದಲ್ಲೂ ಕೆಂಪು ಗುರುತು ಇತ್ತು: ಬಳಸಿ ಆಯಿತು ಅಂತ. ಓದುತ್ತ ಓದುತ್ತ ಮೇಷ್ಟ್ರ ದನಿ ಇಳಿಯಿತು. ಇದೇ ಸಂಗತಿಗಳನ್ನು ಯಜಮಾನರು ಚಟಾಕಿಯಾಗಿ ಓದಿದಾಗ ಎಂಥ ನಗು, ಇಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ.

"ಇಷ್ಟು ವಿವರವಾಗಿ ಯಾರೂ ಬರ್ಕೊಂಡು ಬರಲ್ಲ" ಅಂದರು ಡಾಕ್ಟರು. "ಇಷ್ಟೆಲ್ಲ ಗಮನಿಸಿದೋರು ಆಗಲೇ ಯಾಕೆ ಕರ್ಕೊಂಡು ಬರ್ಲಿಲ್ಲ?"

ಮೇಷ್ಟ್ರಿಗೆ ಉತ್ತರ ಗೊತ್ತಿತ್ತು. ನಗು ಬರ್ತಿತ್ತು ಸರ್, ಅದಕ್ಕೆ. ಅದನ್ನು ಹೇಳುವ ಬದಲು ನೋಟ್‌ಬುಕ್ ಮುಚ್ಚಿ ತೊಡೆಯ ಮೇಲಿಟ್ಟುಕೊಂಡರು. ಡಾಕ್ಟರು ಒಮ್ಮೆ ನೋಟ್‌ಬುಕ್ ನೋಡಿದರು, ಒಮ್ಮೆ ತಮ್ಮ ಬೆನ್ನ ಹಿಂದಿನ ಕ್ಯಾಲೆಂಡರ್ ನೋಡಿದರು. ಅವರಿಗೆ ಅರ್ಥವಾಯಿತೋ ಏನೋ, ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ಅವರು ಹೇಳಿದ್ದು ಇಷ್ಟು: ಇದು ವಾಸಿಯಾಗುವ ಕಾಯಿಲೆ ಅಲ್ಲ. ಮಾತ್ರೆ ಕೊಟ್ಟರೆ ಸ್ವಲ್ಪ ನಿಧಾನವಾಗುತ್ತದೆ, ಅಷ್ಟೇ. ದಿನದ ಕ್ರಮ ತಪ್ಪಿಸಬೇಡಿ. "ಬೆಳಗ್ಗೆ ಎದ್ದ ಕೂಡ್ಲೇ ಕ್ಯಾಲೆಂಡರ್ ಹಾಳೆ ಅವರ ಕೈಯಲ್ಲೇ ಹರಿಸಿ. ತಾರೀಖು ಜೋರಾಗಿ ಓದಲಿ. ಕೆಳಗಿರೋ ಜೋಕನ್ನೂ ಓದಲಿ. ನಗೋದು ಒಳ್ಳೇದು."

ಅಮ್ಮ ಇನ್ನೂ ನರ್ಸಿನ ಜೊತೆಗಿರುವಾಗ ಮಗಳು ಅಪ್ಪನ ಜೊತೆ ಹೊರಗಿನ ಬೆಂಚಿನ ಮೇಲೆ ಕೂತಳು. ಆಮೇಲೆ ಹೇಳಿದಳು: "ನಾನು ನೋಡಿರ್ಲಿಲ್ಲ ಅಪ್ಪಾ. ಅದು ನನ್ನ ತಪ್ಪು. ನೀವು ನೋಡಿದ್ರಿ. ತಾರೀಖು ಹಾಕಿ ನೋಡಿದ್ರಿ." ಮೇಷ್ಟ್ರು ಇಂಗು ತಿಂದ ಮಂಗನ ಹಾಗೆ ಕೂತರು.

ಅಂದಿನಿಂದ ಶುರುವಾಯಿತು ನೋಡಿ ಶಿಕ್ಷೆ. ದಿನಾ ಬೆಳಗ್ಗೆ ಆರೂವರೆಗೆ ಆಪರೇಟರಮ್ಮ ಹಾಳೆ ಹರಿಯುವುದು, ತಾರೀಖು ಓದುವುದು, ಕೆಳಗಿನ ಎರಡು ಸಾಲು ಓದುವುದು, ನಗುವುದು. ಮೂರು ದಿನಕ್ಕೊಮ್ಮೆ ಮರೆಗುಳಮ್ಮ. ಮೇಷ್ಟ್ರು ಎದುರಿಗೆ ಟೀ ಲೋಟ ಹಿಡಿದು ಕೂತಿರುವುದು. "ಮರೆಗುಳಮ್ಮ ಕನ್ನಡಕ ಹುಡುಕುತ್ತಾಳೆ, ಸಿಕ್ಕ ಮೇಲೆ ಏನು ಓದಬೇಕಿತ್ತೆಂದು ಹುಡುಕುತ್ತಾಳೆ." ಹೀಗೆ ಓದುವಾಗ ಆಪರೇಟರಮ್ಮನ ಕನ್ನಡಕ ಅವರ ತಲೆಯ ಮೇಲೇ ಇರುತ್ತಿತ್ತು. ಬರೆದದ್ದು ತಾವೇ, ಅಚ್ಚಾದದ್ದು ಎಂಬತ್ತು ಸಾವಿರ. ಹಿಂದಕ್ಕೆ ಕರೆಯೋಣವೆಂದರೆ ಯಾರನ್ನು ಕರೆಯುವುದು, ಎಲ್ಲಿಂದ ಕರೆಯುವುದು?

ಸುಮ್ಮನೆ ಕೂತರೆಂದಲ್ಲ. ತಿಂಗಳಿಗೊಂದೇ ಹಾಳೆಯ ದೊಡ್ಡ ಕ್ಯಾಲೆಂಡರ್ ತಂದು ನೇತುಹಾಕಿದರು. ಆಪರೇಟರಮ್ಮ ಅದರ ಮುಂದೆ ನಿಂತು ಗಲಿಬಿಲಿಗೊಂಡರು: "ಇದರಲ್ಲಿ ಇವತ್ತು ಯಾವುದು ರೀ? ಎಲ್ಲ ದಿನಾನೂ ಒಟ್ಟಿಗೆ ಇದೆ." ಸರಿ, ಅದು ಹೋಯಿತು. ಒಂದು ಮಧ್ಯಾಹ್ನ ಅವರು ಮಲಗಿದ್ದಾಗ ಮೇಷ್ಟ್ರು ಕತ್ತರಿ ಹಿಡಿದು, ಉಳಿದ ಹಾಳೆಗಳ ಕೆಳಗಿನ ಎರಡು ಬೆರಳಿನಷ್ಟು ಜಾಗವನ್ನು ಕತ್ತರಿಸಿ ಒಲೆಗೆ ಹಾಕಿದರು. ಮರುದಿನ ಆಪರೇಟರಮ್ಮ "ಅಯ್ಯೋ, ಇಲಿ ತಿಂದಿದೆ!" ಅಂತ ಕೂಗಿ, ಪಕ್ಕದ ಮನೆಯ ಟೈಲರಮ್ಮನ ಹತ್ತಿರ ಹೋಗಿ ಹೇಳಿಕೊಂಡರು. ಆ ಪುಣ್ಯಾತ್ಗಿತ್ತಿ ತನ್ನ ಕ್ಯಾಲೆಂಡರನ್ನೇ ಬಿಚ್ಚಿ ಕೊಟ್ಟುಬಿಟ್ಟಳು. "ಮೇಷ್ಟ್ರೆ, ನಿಮ್ಮ ಮನೇಲೇ ಇಲ್ಲ ಅಂದ್ರೆ ಹೇಗೆ? ನಮ್ಮನೇಲಿ ಎಲ್ರೂ ಮುಂದಿನ ಹಾಳೆ ಕದ್ದು ಓದಿ ಮುಗಿಸಿದೀವಿ ಬಿಡಿ."

ಏಪ್ರಿಲ್ ಹೊತ್ತಿಗೆ ಇನ್ನೊಂದು ತಲೆನೋವು ಹುಟ್ಟಿಕೊಂಡಿತು. ತಂಗಿಯ ಹೆಸರು ಮರೆತ ತಲೆ, ಮಧ್ಯಾಹ್ನ ಉಂಡದ್ದು ಸಂಜೆಗೆ ಮರೆಯುವ ತಲೆ, ಆ ಒಂದು ಸುಳ್ಳನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟಿತ್ತು. ಮರೆಗುಳಮ್ಮನ ಹಾಳೆ ಬಂದಾಗಲೆಲ್ಲ ಮೊದಲು ನಗು, ಆಮೇಲೆ ನಗು ನಿಂತು ಹುಬ್ಬು ಗಂಟಾಗುವುದು.

"ರೀ, ಇದು ತಮಾಷೆ ಅಲ್ಲ. ನಂಗೂ ಹೀಗೇ ಆಗೋದು. ಡಾಕ್ಟ್ರು ಹೇಳಿದಾರಲ್ಲ, ನಂಗೆ ಮರೆವಿನ ಕಾಯಿಲೆ ಅಂತ. ಆ ಬೈಂಡರ್ ಹೆಂಡ್ತಿಗೂ ಅದೇ ಇರ್ಬೇಕು. ಅವನಿಗೆ ಹೇಳಿ, ಕರ್ಕೊಂಡು ಹೋಗ್ಲಿ."

"ಹೇಳ್ತೀನಿ."

"ಬೇಗ ಹೇಳಿ. ಅವನು ಹೀಗೆ ನಕ್ಕೊಂಡು ಕೂತ್ರೆ ಆಮೇಲೆ ಕೈ ಮೀರತ್ತೆ."

ಮೇಷ್ಟ್ರ ಕೈಯಲ್ಲಿದ್ದ ಟೀ ತಣ್ಣಗಾಗುತ್ತಿತ್ತು. ಇದು ಒಂದು ದಿನದ ಮಾತಲ್ಲ. ಪ್ರತಿ ಸಲವೂ ಆಪರೇಟರಮ್ಮನಿಗೆ ಅದು ಆಗಷ್ಟೇ ಹೊಳೆದ ಹಾಗೆ, ಪ್ರತಿ ಸಲವೂ ಅಷ್ಟೇ ಕಳಕಳಿ. "ಹೇಳಿದ್ರಾ? ಹೋದ್ರಂತಾ? ಡಾಕ್ಟ್ರು ಏನಂದ್ರಂತೆ?" ಇಲ್ಲದ ಆ ಹೆಂಗಸಿನ ಮೇಲೆ ಹೆಂಡತಿಗಿದ್ದ ಕರುಣೆಯಲ್ಲಿ ಕಾಲು ಪಾಲು ತಮಗೆ ಹೋದ ವರ್ಷ ಇದ್ದಿದ್ದರೆ ಅಂತ ಮೇಷ್ಟ್ರು ಒಳಗೊಳಗೇ ಬೆಂದುಹೋದರು. ಅವರಿಗೆ ಈಗ ಬೇಕಿದ್ದದ್ದು ಒಂದೇ. ಹೆಂಡತಿಗೆ ಇನ್ನೂ ಕ್ಷಮೆ ಅಂದರೇನೆಂದು ತಿಳಿದಿರುವಾಗಲೇ, ಎದುರಿಗಿರುವವನು ಗಂಡ ಅಂತ ಗೊತ್ತಿರುವಾಗಲೇ, ನಿಜ ಹೇಳಿ ಕ್ಷಮೆ ಕೇಳಿಬಿಡಬೇಕು. ಆಕೆ "ಆಯ್ತು ಬಿಡಿ" ಅನ್ನಬೇಕು. ಆ ಎರಡು ಮಾತು ಕಿವಿಗೆ ಬಿದ್ದರೆ ಸಾಕು. ದಿನ ಕಳೆದಂತೆ ಅವಕಾಶ ಕಮ್ಮಿಯಾಗುತ್ತಿದೆ ಅಂತ ಗೊತ್ತು, ಬೆಳಗಾದರೆ ಬಾಯಿಗೆ ಬೀಗ.

ಜುಲೈಯಲ್ಲಿ ಯಜಮಾನರು ಹೇಳಿಕಳಿಸಿದರು. ಪ್ರೆಸ್ಸಿನಲ್ಲಿ ಅದೇ ಶಾಯಿಯ ವಾಸನೆ, ಅದೇ ಕಿಟಕಿ. ಯಜಮಾನರು ಕುರ್ಚಿಯಿಂದ ಎದ್ದು ಬಂದು ಕೈ ಹಿಡಿದುಕೊಂಡರು.

"ಮೇಷ್ಟ್ರೆ, ಎಲ್ಲಿ ಹೋದ್ರೂ ಮರೆಗುಳಮ್ಮಂದೇ ಮಾತು. ಮುಂದಿನ ವರ್ಷ ಪೂರ್ತಿ ಅವಳೇ. ಮುನ್ನೂರ ಅರವತ್ತೈದೂ. ರಟ್ಟಿನ ಮೇಲೆ ಅವಳ ಚಿತ್ರಾನೂ ಹಾಕೋಣ, ತಲೆ ಮೇಲೆ ಕನ್ನಡಕ, ಕೈಯಲ್ಲಿ ಸಕ್ಕರೆ ಡಬ್ಬ."

"ಬೇಡ ಸ್ವಾಮಿ. ಆಗಲ್ಲ."

"ಯಾಕೆ?"

"ರೋಗ ಬೇಡ ಅಂದೋರು ನೀವೇ ಅಲ್ವಾ? ಅವಳಿಗೆ ಇರೋದು ರೋಗ. ಅದು ನಮಗೆ ಗೊತ್ತಾಗ್ಲಿಲ್ಲ, ನಕ್ವಿ."

ಯಜಮಾನರು ಒಂದು ಗಳಿಗೆ ಅವರ ಮುಖ ನೋಡಿದರು. ಮೇಷ್ಟ್ರ ಮುಖ ಗಂಟಿಕ್ಕಿಕೊಂಡಿತ್ತು. ಚಟಾಕಿ ಹಾರಿಸುವಾಗ ಅವರ ಮುಖ ಯಾವಾಗಲೂ ಹಾಗೇ ಇರುತ್ತಿತ್ತು, ಕಳೆದ ಮೂವತ್ತು ವರ್ಷದಿಂದಲೂ. ಯಜಮಾನರು ಮೇಜು ಗುದ್ದಿ ಗುದ್ದಿ ನಕ್ಕರು. "ಅಬ್ಬಬ್ಬಾ! ಇದನ್ನೂ ಹಾಕಿ, ಡಿಸೆಂಬರ್ ಮೂವತ್ತೊಂದಕ್ಕೆ ಹಾಕಿ!"

"ನಾನು ತಮಾಷೆ ಮಾಡ್ತಿಲ್ಲ."

"ಅದೇ ಅಲ್ವಾ ನಿಮ್ಮ ಕೈಚಳಕ!" ಅಂದರು ಯಜಮಾನರು ಕಣ್ಣೊರೆಸಿಕೊಳ್ಳುತ್ತ. ಎರಡು ಮೂರು ಸಲ ಹೇಳಿದ ಮೇಲೆ ಅವರ ನಗು ನಿಂತಿತು, ದನಿ ಗಟ್ಟಿಯಾಯಿತು. "ನೋಡಿ, ನಿಮಗೆ ಬೇಜಾರಾಗಿದ್ರೆ ಬೇರೆಯವರ ಕೈಲಿ ಬರೆಸ್ತೀನಿ. ಮರೆಗುಳಮ್ಮ ಈಗ ನಿಮ್ಮೊಬ್ಬರದಲ್ಲ." ಮೇಷ್ಟ್ರು ಕೈಕೈ ಹಿಸುಕಿಕೊಂಡು ಬಿಸಿಲಿಗೆ ಇಳಿದರು. ಪ್ರೆಸ್ಸಿನ ಎದುರಿನ ಚಪ್ಪಲಿ ಅಂಗಡಿಯವನು ಆ ದಿನದ ಹಾಳೆಯನ್ನು ಗಿರಾಕಿಗೆ ಓದಿ ಹೇಳುತ್ತಿದ್ದ.

ಮರುದಿನ ಬೆಳಗ್ಗೆ ಬಂದದ್ದು ಕರವಸ್ತ್ರದ ಹಾಳೆ. "ಮರೆಯಬಾರದೆಂದು ಮರೆಗುಳಮ್ಮ ಕರವಸ್ತ್ರಕ್ಕೆ ಗಂಟು ಹಾಕಿದಳು. ಈಗ ಕರವಸ್ತ್ರ ಎಲ್ಲಿ?" ಆಪರೇಟರಮ್ಮ ಓದಿದರು, ನಕ್ಕರು, ನಿಲ್ಲಿಸಿದರು. ಒಳಗೆ ಹೋಗಿ ತಲೆ ಬಾಚಿಕೊಂಡು, ಚಪ್ಪಲಿ ಮೆಟ್ಟಿಕೊಂಡು, ಕೈಚೀಲ ಹಿಡಿದು ಹೊರಟೇಬಿಟ್ಟರು.

"ಎಲ್ಲಿಗೇ?"

"ಬೈಂಡರ್ ಮನೆಗೆ. ನೀವು ಹೇಳಲ್ಲ, ನಂಗೊತ್ತು. ನಾನೇ ಹೋಗಿ ಆಕೆ ಜೊತೆ ಮಾತಾಡ್ತೀನಿ. ಹೆಂಗಸರ ಕಷ್ಟ ಹೆಂಗಸರಿಗೆ ತಿಳಿಯತ್ತೆ. ಪಾಪ, ಮನೇಲಿ ಎಲ್ರೂ ನಗ್ತಿದ್ರೆ ಯಾರ ಹತ್ರ ಹೇಳ್ಕೊಳ್ತಾಳೆ?"

ಮೇಷ್ಟ್ರು ಬಾಗಿಲಿಗೆ ಅಡ್ಡ ನಿಂತರು. "ಬೈಂಡರ್‌ಗೆ ಹೆಂಡ್ತಿ ಇಲ್ಲ ಕಣೇ."

"ಸತ್ತುಹೋದ್ಲಾ?" ಆಪರೇಟರಮ್ಮನ ಮುಖ ಬಿಳಿಚಿತು.

"ಇಲ್ಲ. ಇರಲೇ ಇಲ್ಲ. ಅವನಿಗೆ ಮದುವೇನೇ ಆಗಿಲ್ಲ. ನಾನು ಸುಳ್ಳು ಹೇಳಿದ್ದೆ." ಕಟ್ಟಿದ್ದ ಬಾಯಿ ತೆರೆದ ಮೇಲೆ ನಿಲ್ಲಲಿಲ್ಲ. "ಮರೆಗುಳಮ್ಮ ನೀನೇ. ಕೀಲಿ ನಿಂದು, ಕನ್ನಡಕ ನಿಂದು, ಗಂಟು ನಿಂದು. ನೀನು ಮಾಡಿದ್ದೆಲ್ಲ ನೋಡಿ ನೋಡಿ ಬರ್ಕೊಂಡೆ. ನಿಂಗೆ ಹುಷಾರಿಲ್ಲ ಅಂತ ಹೊಳೀಲೇ ಇಲ್ಲ ನಂಗೆ."

ಆಪರೇಟರಮ್ಮ ಮೆಲ್ಲಗೆ ಕುರ್ಚಿಯ ಮೇಲೆ ಕೂತರು. ಕೈಚೀಲ ತೊಡೆಯ ಮೇಲೆ. ಅಂದು ಅವರ ತಲೆ ತಿಳಿಯಾಗಿತ್ತು. ಹಾಗೆ ತಿಳಿಯಾಗಿರುವ ದಿನಗಳು ಅಪರೂಪವಾಗುತ್ತಿದ್ದವು. ಅವರು ಪೂರ್ತಿ ಕೇಳಿಸಿಕೊಂಡರು, ಪೂರ್ತಿ ಅರ್ಥಮಾಡಿಕೊಂಡರು.

"ಎಷ್ಟು ಜನ ಓದ್ತಾರೆ ಇದನ್ನ?"

"ಎಂಬತ್ತು ಸಾವಿರ ಪ್ರತಿ."

"ಎಲ್ರೂ ನಕ್ರಾ?"

"ನಕ್ರು."

"ಟೈಲರಮ್ಮ? ಹಾಲಿನವನು? ಆ ಡಾಕ್ಟ್ರು?"

"ಹೂಂ."

"ನೀವು?"

ಮೇಷ್ಟ್ರು ತಲೆ ತಗ್ಗಿಸಿದರು. "ನಾನೇ ಮೊದಲು."

"ಆ ಗೇಟಿನ ಹತ್ರ" ಅಂದರು ಆಪರೇಟರಮ್ಮ ನಿಧಾನಕ್ಕೆ, "ಯಾರದೋ ಮನೆ ಗೇಟು. ಎಷ್ಟು ಭಯ ಆಗಿತ್ತು ಗೊತ್ತಾ ನಂಗೆ? ನಮ್ಮನೆಯೋರೆಲ್ಲ ನನ್ನ ಬಿಟ್ಟು ಹೋಗ್ಬಿಟ್ರು ಅನ್ಕೊಂಡಿದ್ದೆ. ನೀವು ಬಂದ್ರಿ. ಜೀವ ಬಂದ ಹಾಗಾಯ್ತು. ಅದನ್ನ... ಅದನ್ನ ಬರೆದ್ರಾ?"

ಮೇಷ್ಟ್ರು ಅವರ ಕಾಲ ಹತ್ತಿರ ನೆಲದ ಮೇಲೆ ಕೂತರು. ಮಂಡಿ ಲಟಕ್ಕೆಂದಿತು. "ತಪ್ಪಾಯ್ತು ಕಣೇ. ಕ್ಷಮಿಸ್ಬಿಡು. ಒಂದ್ಸಲ ಆಯ್ತು ಬಿಡಿ ಅನ್ನು."

ಆಪರೇಟರಮ್ಮ ಅಳಲಿಲ್ಲ, ಬೈಯಲೂ ಇಲ್ಲ. ಒಮ್ಮೆ ಕ್ಯಾಲೆಂಡರಿನ ಕಡೆ ನೋಡಿದರು. ಆಮೇಲೆ, ಎಕ್ಸ್‌ಚೇಂಜಿನಲ್ಲಿ ಲೈನ್ ಸಿಗದವರಿಗೆ ಹೇಳುತ್ತಿದ್ದ ಅದೇ ದನಿಯಲ್ಲಿ ಹೇಳಿದರು: "ಯೋಚನೆ ಮಾಡಿ ಆಮೇಲೆ ಹೇಳ್ತೀನಿ. ಕಾಯ್ತಾ ಇರಿ." ಕೈಚೀಲದಿಂದ ಕರವಸ್ತ್ರ ತೆಗೆದು ತುದಿಗೆ ಒಂದು ಗಂಟು ಬಿಗಿದರು. ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡು ಮಲಗಿದರು.

ಮೇಷ್ಟ್ರು ಕಾದರು. ಟೀ ಮಾಡಿ ಮುಚ್ಚಿಟ್ಟರು. ಬಾಗಿಲಿಗೆ ಕಿವಿ ಕೊಟ್ಟರು. ಮಗಳು ಫೋನ್ ಮಾಡಿದಾಗ "ಮಲಗಿದಾಳೆ" ಅಂತ ಪಿಸುಗುಟ್ಟಿದರು. ನಿದ್ದೆ ಅನ್ನುವುದು ಎಂಥ ಕಳ್ಳ ಅಂತ ಅವರಿಗೆ ಗೊತ್ತಿಲ್ಲದೆ ಇಲ್ಲ, ಆದರೂ ಎಬ್ಬಿಸುವ ಧೈರ್ಯ ಬರಲಿಲ್ಲ.

ಮಧ್ಯಾಹ್ನ ಮೂರಕ್ಕೆ ಆಪರೇಟರಮ್ಮ ಎದ್ದು ಬಂದರು. ಮೇಷ್ಟ್ರು ಪಕ್ಕಕ್ಕೆ ಸರಿದು ಜಾಗ ಕೊಟ್ಟರೆ ಅಲ್ಲಿ ಕೂರಲಿಲ್ಲ, ದೂರದ ಸ್ಟೂಲಿನ ಮೇಲೆ ಕೂತರು. ಟೀ ಕೊಟ್ಟರೆ ಮುಖ ತಿರುಗಿಸಿದರು.

"ನಿಮ್ಮ ಮೇಲೆ ನಂಗೆ ಏನೋ ಕೋಪ ಬಂದಿದೆ."

"ಗೊತ್ತು."

"ಯಾಕೆ ಅಂತ ನೆನಪಾಗ್ತಿಲ್ಲ. ಎದೆಯೆಲ್ಲ ಉರೀತಿದೆ. ನೀವು ನಂಗೆ ಏನು ಮಾಡಿದ್ರಿ?"

ಮೇಷ್ಟ್ರಿಗೆ ತಾವೇ ಬರೆದ ಜಗಳದ ಸಾಲು ನೆನಪಾಯಿತು: ಕೋಪ ಮಾತ್ರ ಮರೆಯುವುದಿಲ್ಲ. ಮತ್ತೆ ಹೇಳಬೇಕೆ? ಹೇಳಿದರೆ ಮತ್ತೆ ಆ ಗೇಟು, ಮತ್ತೆ ಆ ಭಯ, ಮತ್ತೆ ಎಂಬತ್ತು ಸಾವಿರ ಜನರ ನಗು, ಎಲ್ಲವನ್ನೂ ಆಕೆ ಮೊದಲ ಸಲ ಎಂಬಂತೆ ನುಂಗಬೇಕು. ಸಂಜೆಗೆ ಮತ್ತೆ ಮರೆವು, ಉರಿ ಮಾತ್ರ ಇಮ್ಮಡಿ. ಹೇಳದಿದ್ದರೆ ಇನ್ನೊಂದು ಸುಳ್ಳು.

"ನಂಗೂ ಗೊತ್ತಿಲ್ಲ ಕಣೇ" ಅಂದರು ಕಡೆಗೆ.

ಮರುದಿನ ಬೆಳಗ್ಗೆ ಆರೂವರೆಗೆ ಹಾಳೆ ಹರಿಯುವ ಸದ್ದಾಯಿತು. ಆಪರೇಟರಮ್ಮ ತಾರೀಖು ಜೋರಾಗಿ ಓದಿದರು. ಕೆಳಗಿನ ಸಾಲನ್ನೂ ಓದಿದರು: "ಒಂದೇ ಕಥೆ ಮೂರು ಸಲ ಹೇಳಿದರೂ ಮರೆಗುಳಮ್ಮನಿಗೆ ಬೇಸರವಿಲ್ಲ, ಕೇಳುವವರಿಗಷ್ಟೇ ಅದು ಮೂರನೆಯ ಸಲ." ನಕ್ಕರು. ಆಮೇಲೆ ಹುಬ್ಬು ಗಂಟಾಯಿತು.

"ರೀ, ಆ ಬೈಂಡರ್ ಹೆಂಡ್ತೀನ ಡಾಕ್ಟ್ರಿಗೆ ತೋರ್ಸೋಕೆ ಹೇಳಿ. ಇದು ತಮಾಷೆ ಅಲ್ಲ."

"ಹೇಳ್ತೀನಿ" ಅಂದರು ಮೇಷ್ಟ್ರು.

ಆಪರೇಟರಮ್ಮ ಸ್ಟೂಲಿನ ಮೇಲೆ ಕೂತು ಮುಖ ಒರೆಸಿಕೊಳ್ಳಲು ಕರವಸ್ತ್ರ ತೆಗೆದರು. ಗಂಟು ಕೈಗೆ ಸಿಕ್ಕಿತು. ಹೆಬ್ಬೆರಳಿನಿಂದ ಅದನ್ನು ಒತ್ತಿ ನೋಡಿದರು, ಬೆಳಕಿಗೆ ಹಿಡಿದು ನೋಡಿದರು. ಮೇಷ್ಟ್ರಿಗೇ ಗೊತ್ತಿಲ್ಲದೆ ಅವರ ಕೈ ಮುಂದೆ ಚಾಚಿತ್ತು.

"ಮುಟ್ಟಬೇಡಿ, ಬಿಚ್ಚಿಬಿಟ್ಟೀರಾ!" ಅಂತ ಆಪರೇಟರಮ್ಮ ಕರವಸ್ತ್ರವನ್ನು ಎದೆಗೆ ಒತ್ತಿಕೊಂಡರು. "ಯಾರಿಗೋ ಆಮೇಲೆ ಹೇಳ್ತೀನಿ ಅಂದಿದೀನಿ ನಾನು. ಯಾರು ಅಂತ ನೆನಪಾಗ್ತಿಲ್ಲ. ಪಾಪ, ಕಾಯ್ತಾ ಇರ್ತಾರೆ ಅಲ್ವಾ?"

"ಹೌದು" ಅಂದರು ಮೇಷ್ಟ್ರು. "ಕಾಯ್ತಾ ಇದಾರೆ."